ಹಳೆ ಕಾರಿಗೆ ಹೆಬ್ಬೆಟ್ಟಿನ ಬೀಗ: ಹಾಕಿಸಬೇಕೆ, ಬೇಡವೆ?

ಪ್ರಶ್ನೆ: ನಾವು ಕುಂದಾಪುರದ ಕಡೆಯವರು. ಠಾಣೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಸಣ್ಣದೊಂದು ಹೋಟೆಲ್ ನಡೆಸುತ್ತಿದ್ದೇವೆ. ಏಳು ವರ್ಷದ ಹಿಂದೆ ತೆಗೆದುಕೊಂಡ ಪೆಟ್ರೋಲ್ ಕಾರಿದೆ, ಚಾವಿ ತಿರುಗಿಸಿ ಸ್ಟಾರ್ಟ್ ಮಾಡುವಂಥದ್ದು. ಯಜಮಾನರು, ಮಗ ಮತ್ತು ಬೆಳಿಗ್ಗೆ ತರಕಾರಿ ತರಲು ಹೋಗುವ ಹುಡುಗ, ಮೂವರೂ ಅದನ್ನು ಓಡಿಸುತ್ತಾರೆ. ಚಾವಿ ಒಂದು ದಿನ ಗಲ್ಲಾದಲ್ಲಿ, ಒಂದು ದಿನ ಅಡುಗೆಮನೆಯ ಕಿಟಕಿಯಲ್ಲಿ. ಹುಡುಕುವುದೇ ಒಂದು ಕೆಲಸ. ಅದಕ್ಕೆ ಮಗ ಕುರ್ಲಾದ ಅಂಗಡಿಯೊಂದರಲ್ಲಿ ಬೆರಳಿಟ್ಟರೆ ಸ್ಟಾರ್ಟ್ ಆಗುವ ಕಿಟ್ ನೋಡಿ ಬಂದಿದ್ದಾನೆ. ಆರೂವರೆ ಸಾವಿರ, ಎರಡು ಗಂಟೆಯ ಕೆಲಸವಂತೆ. ಸಾವಿರ ರೂಪಾಯಿ ಮುಂಗಡವನ್ನೂ ಕೊಟ್ಟಿದ್ದಾನೆ. ನನಗೆ ಧೈರ್ಯ ಬರುತ್ತಿಲ್ಲ. ಯಜಮಾನರ ಹೆಬ್ಬೆಟ್ಟು ಬ್ಯಾಂಕಿನ ಯಂತ್ರದಲ್ಲೇ ಹೊಂದುವುದಿಲ್ಲ. ಹೋದ ತಿಂಗಳು ಐದು ಸಲ ಒತ್ತಿಸಿ, ಹಿಂದೆ ಸಾಲು ನಿಂತವರು ಗೊಣಗಿ, ಅವರು ತಲೆ ತಗ್ಗಿಸಿಕೊಂಡು ಮನೆಗೆ ಬಂದರು. ಮಳೆಗಾಲದ ಒದ್ದೆ ಕೈಗೆ ಈ ಬೀಗ ತೆರೆಯುತ್ತದೆಯೆ? ಕಾರಿಗಾಗಿ ಕಳ್ಳರು ಬೆರಳನ್ನೇ ಕತ್ತರಿಸಿದರು ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು, ನಿಜವೆ? ನಮ್ಮ ಬೆರಳಚ್ಚು ಆಧಾರ್‌ಗೆ, ಬ್ಯಾಂಕಿಗೆ ಹೋಗಿ ಸೇರಿಕೊಂಡರೆ? ಚೌತಿಗೆ ಹುಬ್ಬಳ್ಳಿ ಮೇಲಿಂದ ಊರಿಗೆ ಹೋಗುವವರಿದ್ದೇವೆ. ರಾತ್ರಿ ಹೊತ್ತು ಅರಬೈಲ್ ಘಟ್ಟದಲ್ಲಿ ಇದು ಕೈಕೊಟ್ಟರೆ ಏನು ಗತಿ?

ಉತ್ತರ: ಅಕ್ಕಾ, ನಿಮ್ಮ ಪತ್ರ ಎರಡು ಸಲ ಓದಿದೆ. ಕೇಳಿದ್ದು ಕಾರಿನ ವಿಷಯವಾದರೂ ನನ್ನ ಮನಸ್ಸಿನಲ್ಲಿ ಉಳಿದದ್ದು ಬ್ಯಾಂಕಿನಲ್ಲಿ ನಿಮ್ಮ ಯಜಮಾನರು ತಲೆ ತಗ್ಗಿಸಿದ ಮಾತು. ಅಲ್ಲಿಂದಲೇ ಶುರು ಮಾಡುತ್ತೇನೆ. ಅವರ ಕೈಯಲ್ಲಿ ಯಾವ ದೋಷವೂ ಇಲ್ಲ ಎನ್ನುವುದು ಮೊದಲು ಅವರಿಗೆ ಗೊತ್ತಾಗಬೇಕು.

ಫೋನಿನಲ್ಲಿ, ಕಾರಿನಲ್ಲಿ ಬರುವ ಬೆರಳಚ್ಚಿನ ಸೆನ್ಸರ್‌ಗಳು ಹೆಚ್ಚಾಗಿ ಕೆಪ್ಯಾಸಿಟಿವ್ ಜಾತಿಯವು. ಅವು ಬೆರಳಿನ ಫೋಟೊ ತೆಗೆಯುವುದಿಲ್ಲ. ಚರ್ಮದ ಗೆರೆಯ ಉಬ್ಬು ಸೆನ್ಸರ್‌ಗೆ ತಾಗಿದ ಕಡೆ ಒಂದು ವಿದ್ಯುತ್ ಅಳತೆ ಸಿಗುತ್ತದೆ, ಎರಡು ಉಬ್ಬುಗಳ ನಡುವಿನ ತಗ್ಗಿನಲ್ಲಿ ಗಾಳಿ ಇರುವುದರಿಂದ ಬೇರೆ ಅಳತೆ ಸಿಗುತ್ತದೆ. ಈ ಉಬ್ಬುತಗ್ಗಿನ ನಕ್ಷೆಯಲ್ಲಿ ಗೆರೆ ಎಲ್ಲಿ ಕೊನೆಯಾಯಿತು, ಎಲ್ಲಿ ಕವಲೊಡೆಯಿತು ಎನ್ನುವ ಗುರುತುಗಳನ್ನು ಆರಿಸಿ ಅಂಕಿಗಳಾಗಿ ಇಟ್ಟುಕೊಳ್ಳುತ್ತದೆ. ಮುಂದಿನ ಸಲ ಬೆರಳಿಟ್ಟಾಗ ಸಾಕಷ್ಟು ಗುರುತು ಹೊಂದಿದರೆ ‘ಹೌದು’ ಎನ್ನುತ್ತದೆ. ಈಗ ಇಪ್ಪತ್ತಾರು ವರ್ಷ ಕಾವಲಿಯ ಮುಂದೆ ನಿಂತ ಕೈಯನ್ನು ನೆನೆಸಿಕೊಳ್ಳಿ. ಬಿಸಿ, ಹುಣಸೆಹುಳಿ, ಪಾತ್ರೆಯ ಸೋಪು, ದಿನಕ್ಕೆ ನೂರು ಸಲ ನೀರು. ಉಬ್ಬು ಸವೆದು ತಗ್ಗಿನ ಮಟ್ಟಕ್ಕೆ ಬಂದಿರುತ್ತದೆ. ಸೆನ್ಸರ್‌ಗೆ ಓದಲು ಏನೂ ಉಳಿದಿರುವುದಿಲ್ಲ. ಗಾರೆ ಕೆಲಸದವರದು, ಹೊಲದಲ್ಲಿ ದುಡಿದವರದು, ವಯಸ್ಸಾದವರದು ಇದೇ ಕಥೆ. ಕ್ಯಾನ್ಸರಿಗೆ ಕೊಡುವ ಕೆಪೆಸಿಟಬಿನ್ ಮಾತ್ರೆಯಿಂದ ಬೆರಳಿನ ಗೆರೆಯೇ ಅಳಿಸಿಹೋದ ಉದಾಹರಣೆ ವೈದ್ಯಕೀಯ ದಾಖಲೆಗಳಲ್ಲಿದೆ. ಧಾರವಾಡದಲ್ಲಿ ನನ್ನ ತಾಯಿಯ ಹೆಬ್ಬೆಟ್ಟು ಪಡಿತರ ಅಂಗಡಿಯಲ್ಲಿ ಹೊಂದುತ್ತಿರಲಿಲ್ಲ. ಬದುಕಿದ್ದೇನೆ ಎಂದು ತೋರಿಸಲಿಕ್ಕೆ ಮನುಷ್ಯರು ಯಂತ್ರದ ಮುಂದೆ ಹೀಗೆ ನಿಲ್ಲಬಾರದು ಅಂತ ನನಗೆ ಆಗಲೇ ಅನಿಸಿತ್ತು. ಪಿಂಚಣಿದಾರರ ಜೀವನ ಪ್ರಮಾಣಪತ್ರಕ್ಕೆ 2021ರಲ್ಲಿ ಮುಖ ನೋಡಿ ಗುರುತಿಸುವ ವ್ಯವಸ್ಥೆ ತಂದದ್ದರ ಹಿಂದೆಯೂ ಇದೇ ತೊಂದರೆ ಇತ್ತು.

ಒದ್ದೆ ಕೈಯ ಕಥೆ ಇನ್ನೊಂದು. ನೀರು ತಗ್ಗುಗಳನ್ನೆಲ್ಲ ತುಂಬಿಬಿಟ್ಟರೆ ಉಬ್ಬು ಯಾವುದು, ತಗ್ಗು ಯಾವುದು ಸೆನ್ಸರ್‌ಗೆ ತಿಳಿಯುವುದಿಲ್ಲ. ಕೈ ಒರೆಸಿಕೊಂಡರೆ ಸರಿಹೋಗುತ್ತದೆ. ಪುಣೆಯ ಡಿಸೆಂಬರ್ ಚಳಿಯಲ್ಲಿ ಉಲ್ಟಾ: ಚರ್ಮ ಒಣಗಿ ಓದುವುದಿಲ್ಲ, ಬೆರಳಿನ ಮೇಲೆ ಒಮ್ಮೆ ಬಾಯಿಂದ ಬಿಸಿಯುಸಿರು ಬಿಟ್ಟರೆ ಓದುತ್ತದೆ. ನಿಮ್ಮ ಯಜಮಾನರ ಫೋನಿಗೋ ಇನ್ನೊಂದಕ್ಕೋ ಬೆರಳು ಹಾಕಿಸುವುದಿದ್ದರೆ ಹೆಬ್ಬೆರಳು ಬಿಟ್ಟುಬಿಡಿ. ಎಡಗೈಯ ಉಂಗುರಬೆರಳು ಕಡಿಮೆ ಸವೆದಿರುತ್ತದೆ. ಒಂದೇ ಬೆರಳನ್ನು ಎರಡು ಸಲ ನೋಂದಾಯಿಸಿ: ಬೆಳಿಗ್ಗೆ ಕೆಲಸಕ್ಕೆ ಮುಂಚೆ ಒಂದು ಸಲ, ರಾತ್ರಿ ಕೆಲಸ ಮುಗಿದ ಮೇಲೆ ಒಂದು ಸಲ. ಇಷ್ಟು ಮಾಡಿದರೆ ಫರಕು ಬೀಳುತ್ತದೆ.

ಇಲ್ಲಿ ಅಂಗಡಿಯವರು ಹೇಳದ ಒಂದು ವಿಷಯವಿದೆ. ಇಂಥ ಯಂತ್ರ ತಪ್ಪು ಮಾಡುವುದು ಎರಡು ಬಗೆಯಲ್ಲಿ. ಪರರನ್ನು ಒಳಗೆ ಬಿಡುವುದು ಒಂದು, ಮನೆಯವರನ್ನೇ ಹೊರಗೆ ನಿಲ್ಲಿಸುವುದು ಇನ್ನೊಂದು. ಒಂದನ್ನು ಬಿಗಿ ಮಾಡಿದಷ್ಟೂ ಇನ್ನೊಂದು ಜಾಸ್ತಿಯಾಗುತ್ತದೆ. 2018ರ ಡಿಸೆಂಬರಿನಲ್ಲಿ ಹ್ಯುಂಡೈ ತನ್ನ ಸಾಂಟಾ ಫೆ ಕಾರಿಗೆ ಬೆರಳಚ್ಚಿನಿಂದ ಬಾಗಿಲು ತೆರೆದು ಎಂಜಿನ್ ಸ್ಟಾರ್ಟ್ ಮಾಡುವ ವ್ಯವಸ್ಥೆ ತರುತ್ತೇವೆ ಎಂದಾಗ, ಬೇರೆಯವರ ಬೆರಳನ್ನು ಮಾಲೀಕರದೆಂದು ತಪ್ಪಾಗಿ ಒಪ್ಪುವ ಸಾಧ್ಯತೆ 50,000ಕ್ಕೆ ಒಂದು ಎಂದು ಹೇಳಿತ್ತು. ಅದು ಮೊದಲನೇ ಬಗೆಯ ತಪ್ಪಿನ ಲೆಕ್ಕ. ನಿಮ್ಮ ಮನೆಗೆ ಬೇಕಾದದ್ದು ಎರಡನೇ ಲೆಕ್ಕ, ಸವೆದ ಬೆರಳಿನವರನ್ನು ಎಷ್ಟು ಸಲ ಬೇಡ ಎನ್ನುತ್ತದೆ ಎನ್ನುವುದು. ಮಗ ಮತ್ತೆ ಆ ಅಂಗಡಿಗೆ ಹೋದರೆ ಡಬ್ಬಿಯ ಮೇಲೆ ಆ ಎರಡನೇ ಅಂಕಿ ಹುಡುಕಲಿ.

ಈಗ ವಾಟ್ಸಾಪ್‌ನಲ್ಲಿ ಬಂದ ಸುದ್ದಿಗೆ ಬರುತ್ತೇನೆ. ಅದು ಸುಳ್ಳಲ್ಲ. 2005ರ ಮಾರ್ಚ್‌ನಲ್ಲಿ ಮಲೇಷ್ಯಾದಲ್ಲಿ ಮರ್ಸಿಡಿಸ್ ಎಸ್-ಕ್ಲಾಸ್ ಕಾರೊಂದನ್ನು ದರೋಡೆ ಮಾಡಿದವರು, ಅದು ಬೆರಳಚ್ಚಿಲ್ಲದೆ ಮತ್ತೆ ಸ್ಟಾರ್ಟ್ ಆಗುವುದಿಲ್ಲವೆಂದು ಗೊತ್ತಾದಾಗ ಮಾಲೀಕನ ತೋರುಬೆರಳಿನ ತುದಿ ಕತ್ತರಿಸಿದರು. ನಡೆದ ಘಟನೆ ಇದು, ಇಪ್ಪತ್ತು ವರ್ಷದಿಂದ ಸುತ್ತುತ್ತಿದೆ. ಈಗಿನ ಒಳ್ಳೆಯ ಸೆನ್ಸರ್‌ಗಳು ಜೀವಂತ ಚರ್ಮದ ಗುಣವನ್ನೂ ಪರೀಕ್ಷಿಸುತ್ತವೆ, ಕತ್ತರಿಸಿದ ಬೆರಳು ಬಹಳ ಹೊತ್ತು ನಡೆಯುವುದಿಲ್ಲ ಎಂದು ತಯಾರಕರು ಹೇಳುತ್ತಾರೆ. ಅದು ಬಹುಮಟ್ಟಿಗೆ ಸರಿ. ಆದರೆ ಚಾಕು ಹಿಡಿದು ನಿಂತವನಿಗೆ ಸೆನ್ಸರ್‌ನ ವಿಷಯ ಗೊತ್ತಿರುವುದಿಲ್ಲ. ಎದುರಿಗೆ ಬಂದು ಬೆದರಿಸಿದಾಗ ಕೈಯಿಂದ ತೆಗೆದು ಕೊಡಲು ಏನಾದರೂ ಇರಬೇಕು, ಚಾವಿಯೋ, ಕಾರ್ಡೋ, ಪಿನ್ ನಂಬರೋ. ಕೊಡಲು ಬೆರಳೊಂದೇ ಇರುವ ವ್ಯವಸ್ಥೆಯನ್ನು ನಾನು ಯಾರಿಗೂ ಹಾಕಿಕೊಟ್ಟಿಲ್ಲ, ಹಾಕಿಕೊಡುವುದೂ ಇಲ್ಲ. ನಮ್ಮ ಕಡೆ ನಾನು ಕಂಡ ಕಾರು ಕಳವುಗಳಲ್ಲಿ ಹೆಚ್ಚಿನವು ರಾತ್ರಿ ರಸ್ತೆ ಬದಿಯಲ್ಲಿ ನಿಲ್ಲಿಸಿದ ಕಾರುಗಳವು, ಮಾಲೀಕರು ಮನೆಯಲ್ಲಿ ಮಲಗಿದ್ದಾಗ ಆದಂಥವು. ಹಾಗಾಗಿ ಈ ಒಂದು ಭಯದಿಂದ ನಿದ್ದೆಗೆಡಬೇಡಿ.

ನಿದ್ದೆಗೆಡಬೇಕಾದ ಸಂಗತಿ ಬೇರೆ ಇದೆ. ನಿಮ್ಮ ಪತ್ರದಲ್ಲಿ ಅದು ಬಂದಿಲ್ಲ. ಬೆರಳಿಟ್ಟು ಸೆನ್ಸರ್ ‘ಹೌದು’ ಎಂದ ಮೇಲೆ ಆ ‘ಹೌದು’ ಎಲ್ಲಿಗೆ ಹೋಗುತ್ತದೆ, ಯಾವ ತಂತಿಯಲ್ಲಿ ಹೋಗುತ್ತದೆ?

ನಾನು ಪುಣೆಗೆ ಬಂದು ಇಪ್ಪತ್ತೆರಡು ವರ್ಷ ಕಾರಿನ ಲಾಕ್ ಮತ್ತು ಇಮೊಬಿಲೈಸರ್ (ಸರಿಯಾದ ಚಾವಿಯಿಲ್ಲದೆ ಎಂಜಿನ್ ಸ್ಟಾರ್ಟ್ ಆಗದಂತೆ ತಡೆಯುವ ವ್ಯವಸ್ಥೆ) ವಿಭಾಗದಲ್ಲಿ ದುಡಿದೆ. ಈಗ ಭೋಸರಿಯಲ್ಲಿ ನನ್ನದೇ ವರ್ಕ್‌ಶಾಪ್. ಕೆಲವು ವರ್ಷದ ಕೆಳಗೆ ಜುಲೈ ತಿಂಗಳ ಮಳೆಯಲ್ಲಿ ನಿಗಡಿಯ ಕುಟುಂಬವೊಂದರ ಕಾರನ್ನು ಟೋ ಮಾಡಿಕೊಂಡು ತಂದರು. ಸಾತಾರಾ ಕಡೆಯಿಂದ ಬರುವಾಗ ಕಾತ್ರಜ್ ಸುರಂಗದೊಳಗೆ ಎಂಜಿನ್ ತಾನಾಗಿ ಆಫ್ ಆಗಿತ್ತು. ಹಿಂದೆ ಲಾರಿ. ಸ್ಟೀರಿಂಗ್ ಕಲ್ಲಾಯಿತು, ಬ್ರೇಕ್ ಎರಡು ಸಲ ತುಳಿದ ಮೇಲೆ ಅದೂ ಗಟ್ಟಿಯಾಯಿತು. ಓಡಿಸುತ್ತಿದ್ದ ಹೆಣ್ಣುಮಗಳು ಹೇಗೋ ಅಂಚಿಗೆ ತಂದು ನಿಲ್ಲಿಸಿದ್ದರು. ಅವರ ಕೈ ನನ್ನ ಅಂಗಡಿಗೆ ಬಂದ ಮೇಲೂ ನಡುಗುತ್ತಿತ್ತು. ನಾಲ್ಕು ತಿಂಗಳ ಹಿಂದೆ ಬೆರಳಚ್ಚಿನ ಕಿಟ್ ಹಾಕಿಸಿದ್ದರು, ನಿಮ್ಮ ಮಗ ನೋಡಿ ಬಂದಂಥದ್ದೇ.

ಸ್ಟೀರಿಂಗ್ ಕೆಳಗಿನ ಪ್ಲಾಸ್ಟಿಕ್ ಕವರ್ ಬಿಚ್ಚಿದೆ. ಒಳಗೆ ಕಪ್ಪು ಇನ್ಸುಲೇಷನ್ ಟೇಪಿನ ಒಂದು ಉಂಡೆ. ಟೇಪು ಸುಲಿದರೆ ಸಿಕ್ಕಿದ್ದು ಅವರದೇ ಸ್ಪೇರ್ ಚಾವಿ. ಲೋಹದ ಭಾಗವನ್ನು ಕೊಯ್ದು ತೆಗೆದಿದ್ದರು, ಹಿಡಿಕೆ ಮಾತ್ರ ಉಳಿದಿತ್ತು. ಅದನ್ನು ಚಾವಿ ಹಾಕುವ ಜಾಗಕ್ಕೆ ಅಂಟಿಸಿ ಟೇಪು ಸುತ್ತಿದ್ದರು. ಪಕ್ಕದಲ್ಲಿ ರಿಲೇಗೆ, ಅಂದರೆ ಕರೆಂಟಿನಿಂದಲೇ ನಡೆಯುವ ಸ್ವಿಚ್ಚಿಗೆ, ಹೋಗುವ ನಾಲ್ಕು ತಂತಿ, ಒಂದಕ್ಕೂ ಸೋಲ್ಡರ್ ಇಲ್ಲ. ಬರೀ ತಿರುವಿ ಟೇಪು ಹಾಕಿದ್ದು. ಎಸಿ ತೇವಕ್ಕೆ ತಾಮ್ರ ಹಸಿರುಗಟ್ಟಿತ್ತು. ಅಲ್ಲೇ ಎಂಜಿನ್ನಿನ ಕರೆಂಟು ತುಂಡಾಗಿದ್ದು. ಅವರ ಎದುರಿಗೇ ಎರಡು ತಂತಿಯ ತುದಿ ಸೇರಿಸಿದೆ. ಡ್ಯಾಶ್‌ಬೋರ್ಡ್ ದೀಪ ಹೊತ್ತಿತು. ಮೂರನೆಯದನ್ನು ತಾಗಿಸಿದೆ, ಎಂಜಿನ್ ಸ್ಟಾರ್ಟ್ ಆಯಿತು. ಚಾವಿಯೂ ಬೇಕಾಗಲಿಲ್ಲ, ಬೆರಳೂ ಬೇಕಾಗಲಿಲ್ಲ.

ಹೀಗೇಕೆ ಆಯಿತು ಎಂದು ತಿಳಿಯಬೇಕಾದರೆ ನಿಮ್ಮ ಚಾವಿಯ ಒಳಗೆ ಏನಿದೆ ಅಂತ ನೋಡಬೇಕು. ಅದರ ದಪ್ಪ ಕಪ್ಪು ಹಿಡಿಕೆಯಲ್ಲಿ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಚಿಪ್ ಇರುತ್ತದೆ. ಅದಕ್ಕೆ ಬ್ಯಾಟರಿ ಇಲ್ಲ. ಚಾವಿ ಹಾಕುವ ತೂತಿನ ಸುತ್ತ ಒಂದು ತಂತಿ ಸುರುಳಿ ಇದೆ. ಚಾವಿ ತಿರುಗಿಸಿದಾಗ ಆ ಸುರುಳಿ 125 ಕಿಲೋಹರ್ಟ್ಸ್ ಆಸುಪಾಸಿನ ಅಲೆಯಿಂದ ಚಿಪ್ಪನ್ನು ಎಬ್ಬಿಸುತ್ತದೆ. ಒಂದು ಗುಪ್ತ ಪ್ರಶ್ನೆ, ಒಂದು ಗುಪ್ತ ಉತ್ತರ. ಉತ್ತರ ಸರಿಯಿದ್ದರೆ ಮಾತ್ರ ಎಂಜಿನ್ನಿನ ಕಂಪ್ಯೂಟರ್ ಪೆಟ್ರೋಲ್ ಬಿಡುತ್ತದೆ, ಕಿಡಿ ಕೊಡುತ್ತದೆ. ಇದೇ ಇಮೊಬಿಲೈಸರ್. ಡ್ಯಾಶ್‌ಬೋರ್ಡ್‌ನಲ್ಲಿ ಚಾವಿ ಚಿತ್ರದ ಸಣ್ಣ ದೀಪ ಬಂದು ಆರುತ್ತದಲ್ಲ, ಅದು ಇದರ ಗುರುತು. ಏಳು ವರ್ಷ ಹಳೆಯ ಕಾರುಗಳಲ್ಲಿ ಸಾಮಾನ್ಯವಾಗಿ ಇದು ಇದ್ದೇ ಇರುತ್ತದೆ. ಹಳೇ ಕಾಲದ ಹಾಗೆ ತಂತಿ ಸೇರಿಸಿ ಕಾರು ಒಯ್ಯಲು ಆಗದಂತೆ ಮಾಡಿದ್ದು ಇದೇ ಚಿಪ್.

ಹೊರಗಿನಿಂದ ತಂದ ಬೆರಳಚ್ಚಿನ ಡಬ್ಬಿಗೆ ಈ ಗುಪ್ತ ಮಾತುಕತೆ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಒಂದು ತಂತಿಗೆ 12 ವೋಲ್ಟ್ ಕೊಡುವುದಷ್ಟೆ. ಹಾಗಾದರೆ ಎಂಜಿನ್ ಹೇಗೆ ಒಪ್ಪಬೇಕು? ಅದಕ್ಕೇ ನಿಮ್ಮ ಸ್ಪೇರ್ ಚಾವಿಯನ್ನು ಕೇಳಿ ಪಡೆದು ಒಳಗೇ ಕಟ್ಟಿಬಿಡುತ್ತಾರೆ. ಅಂದರೆ ಮನೆಗೆ ದುಬಾರಿ ಬೀಗ ಹಾಕಿ ಅದರ ಚಾವಿಯನ್ನು ಹೊಸ್ತಿಲ ಮೇಲೆ ಶಾಶ್ವತವಾಗಿ ಇಟ್ಟ ಹಾಗೆ. ಜೊತೆಗೆ ಇನ್ನೊಂದು ಕೆಲಸ ನಡೆಯುತ್ತದೆ. ಚಾವಿ ತೆಗೆದಾಗ ಸ್ಟೀರಿಂಗ್ ಲಾಕ್ ಆಗುತ್ತದಲ್ಲ, ಗುಂಡಿ ಒತ್ತಿ ಸ್ಟಾರ್ಟ್ ಮಾಡಬೇಕಾದರೆ ಆ ಲಾಕ್ ಇರಬಾರದು. ಆ ಕೀಲನ್ನು ಕೆಲವರು ಪೂರ್ತಿ ತೆಗೆಯುತ್ತಾರೆ, ಕೆಲವರು ಅರೆಬರೆ ಉಜ್ಜಿ ಬಿಡುತ್ತಾರೆ. ಪೂರ್ತಿ ತೆಗೆದರೆ ಕಳ್ಳನಿಗೆ ಇನ್ನೊಂದು ಅನುಕೂಲ. ಅರೆಬರೆ ಬಿಟ್ಟರೆ, ಓಡುವಾಗ ಅದು ಸಿಕ್ಕಿಕೊಂಡರೆ ಏನಾಗುತ್ತದೆ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಂತ ಕಂಪನಿಯಿಂದಲೇ ಬಂದ ವ್ಯವಸ್ಥೆ ವಜ್ರಕವಚವೇನಲ್ಲ. ಜೇಬಿನಲ್ಲಿ ಇದ್ದರೆ ಸಾಕು ಬಾಗಿಲು ತೆರೆಯುವ ಸ್ಮಾರ್ಟ್ ಕೀಗಳ ಸಿಗ್ನಲ್ ಅನ್ನು ದೂರದಿಂದ ಎಳೆದುಕೊಂಡು ಕಾರು ತೆರೆಯಬಹುದು ಎಂದು ಜ್ಯೂರಿಕ್‌ನ ಇಟಿಎಚ್ ಸಂಶೋಧಕರು 2011ರಲ್ಲೇ ತೋರಿಸಿದರು. ಎಂಟು ಕಂಪನಿಗಳ ಹತ್ತು ಮಾದರಿಗಳನ್ನು ಪರೀಕ್ಷಿಸಿದರು, ಹತ್ತೂ ಸೋತವು. 2023ರಲ್ಲಿ ಬಯಲಾದ ಬ್ರಿಟನ್ನಿನ ಪ್ರಕರಣದಲ್ಲಿ ಕಳ್ಳರು ಟೊಯೋಟಾ ರಾವ್4 ಕಾರಿನ ಚಾವಿಯ ತಂಟೆಗೇ ಹೋಗಿರಲಿಲ್ಲ; ಹೆಡ್‌ಲೈಟ್ ಬಳಿಯ ವಯರಿಂಗ್‌ನಿಂದ ಕಾರಿನ ಒಳಜಾಲಕ್ಕೆ ಸುಳ್ಳು ಸಂದೇಶ ಕಳಿಸಿದ್ದರು. ಬಾಗಿಲಲ್ಲಿ ಎಂಥ ಕಾವಲುಗಾರ ಇದ್ದರೂ ಒಳಗಿನ ತಂತಿ ಯಾರ ಮಾತನ್ನಾದರೂ ನಂಬುವಂತಿದ್ದರೆ ಅಷ್ಟೇ. ಒಳ್ಳೆಯ ಕಂಪನಿ ವ್ಯವಸ್ಥೆಯಲ್ಲಿ ಸೆನ್ಸರ್‌ನ ‘ಹೌದು’ ಕೂಡ ಗುಪ್ತ ಭಾಷೆಯಲ್ಲೇ ಎಂಜಿನ್ ಕಂಪ್ಯೂಟರಿಗೆ ತಲುಪುತ್ತದೆ. ಕುರ್ಲಾದ ಕಿಟ್‌ಗೂ ಅದಕ್ಕೂ ಇರುವ ದೊಡ್ಡ ಅಂತರ ಇದೇ. ನೋಡಲು ಎರಡರ ಗುಂಡಿಯೂ ಒಂದೇ ತರ ಹೊಳೆಯುತ್ತದೆ.

ಇನ್ಶೂರೆನ್ಸ್ ಬಗ್ಗೆಯೂ ಹೇಳಿಬಿಡುತ್ತೇನೆ. ಕಾರು ಕಳವಾಗಿ ಕ್ಲೇಮ್‌ಗೆ ಹೋದಾಗ ಕಂಪನಿಯವರು ಎಫ್‌ಐಆರ್ ಜೊತೆಗೆ ಮೂಲ ಚಾವಿ ಎರಡನ್ನೂ ಕೇಳುತ್ತಾರೆ. ನಿಮ್ಮ ಎರಡನೇ ಚಾವಿ ಕಳವಾದ ಕಾರಿನ ಡ್ಯಾಶ್‌ಬೋರ್ಡ್ ಒಳಗೇ ಇದ್ದರೆ ಏನು ತೋರಿಸುತ್ತೀರಿ? ವಯರಿಂಗ್ ಕತ್ತರಿಸಿದ್ದನ್ನು ಅವರಿಗೆ ಮೊದಲೇ ತಿಳಿಸದಿದ್ದರೆ ಅದೂ ತಕರಾರಿಗೆ ಬರುತ್ತದೆ. ಇದಕ್ಕೆ ವಿರುದ್ಧವಾಗಿ, ಎಆರ್‌ಎಐ ಎಂಬ ವಾಹನ ಸಂಶೋಧನಾ ಸಂಸ್ಥೆಯ ಒಪ್ಪಿಗೆ ಪಡೆದ ಕಳವು ತಡೆ ಸಾಧನ ಹಾಕಿಸಿದರೆ ಹಳೆಯ ಮೋಟಾರ್ ಟ್ಯಾರಿಫ್‌ನಲ್ಲಿ, ಅಂದರೆ ವಿಮೆ ದರದ ನಿಯಮಪಟ್ಟಿಯಲ್ಲಿ, ಸ್ವಂತ ಹಾನಿಯ ಪ್ರೀಮಿಯಂ ಮೇಲೆ 2.5 ಶೇಕಡಾ, ಗರಿಷ್ಠ 500 ರೂಪಾಯಿ ರಿಯಾಯಿತಿ ಇತ್ತು. ಈ ಎಆರ್‌ಎಐ ನಮ್ಮ ಪುಣೆಯಲ್ಲೇ ಕೋಥ್ರೂಡ್ ಗುಡ್ಡದ ಮೇಲಿದೆ, 1966ರಿಂದ ವಾಹನಗಳನ್ನು ಪರೀಕ್ಷಿಸುತ್ತಿದೆ. ಐನೂರು ರೂಪಾಯಿ ದೊಡ್ಡ ಮೊತ್ತವಲ್ಲ. ಆದರೆ ಅಂಗಡಿಯವರನ್ನು ಕೇಳಲು ಅದು ಒಳ್ಳೆಯ ಪ್ರಶ್ನೆ: ‘ಇದಕ್ಕೆ ಎಆರ್‌ಎಐ ಸರ್ಟಿಫಿಕೇಟ್ ಇದೆಯೆ?’

ಆಧಾರ್ ಬಗ್ಗೆ. ಕಾರಿನ ಬೆರಳಚ್ಚಿಗೂ ಆಧಾರ್‌ನ ಭಂಡಾರಕ್ಕೂ ಸಂಪರ್ಕವೇ ಇಲ್ಲ. ಮೇಲೆ ಹೇಳಿದ ಅಂಕಿಗಳ ರೂಪದಲ್ಲಿ ಅದು ಆ ಡಬ್ಬಿಯೊಳಗೆ ಇರುತ್ತದೆ. ಫೋನ್ ಆ್ಯಪ್ ಜೊತೆ ಜೋಡಿಸುವ ಕಿಟ್ ಆದರೆ ಮಾತ್ರ, ಅದು ಎಲ್ಲಿಗೆ ಏನು ಕಳಿಸುತ್ತದೆ ಎಂದು ಯಾರೂ ಜವಾಬ್ದಾರಿಯಿಂದ ಹೇಳಲಾರರು, ಅಂಥದ್ದನ್ನು ಮುಟ್ಟಬೇಡಿ. ನಿಮ್ಮ ಭಯಕ್ಕೆ ಆಧಾರವಿಲ್ಲ ಅಂತ ಮಾತ್ರ ನಾನು ಹೇಳುವುದಿಲ್ಲ. ಜಪಾನಿನ ಯೊಕೊಹಾಮ ರಾಷ್ಟ್ರೀಯ ವಿಶ್ವವಿದ್ಯಾಲಯದ ಸಂಶೋಧಕರು 2002ರಲ್ಲಿ ಅಡುಗೆಗೆ ಬಳಸುವ ಜೆಲಟಿನ್‌ನಿಂದ ನಕಲಿ ಬೆರಳು ಮಾಡಿ ಆಗಿನ ಹನ್ನೊಂದು ಬೆರಳಚ್ಚು ಯಂತ್ರಗಳನ್ನು ಮೋಸಗೊಳಿಸಿ ತೋರಿಸಿದರು. 2023ರಲ್ಲಿ ಬೆಂಗಳೂರಿನಲ್ಲಿ, ಆಸ್ತಿ ನೋಂದಣಿ ಪತ್ರಗಳ ಮೇಲಿನ ಹೆಬ್ಬೆಟ್ಟಿನ ಗುರುತನ್ನು ನಕಲು ಮಾಡಿ ಆಧಾರ್ ಮೂಲಕ ಖಾತೆಯಿಂದ ಹಣ ತೆಗೆದ ದೂರುಗಳು ಬಂದವು. ಅಲ್ಲಿ ಸೋರಿದ್ದು ಕಾಗದದ ಮೇಲಿನ ಗುರುತು. ಊರಿನಲ್ಲಿ ಜಾಗದ ಪತ್ರ ಮಾಡಿಸಿದ್ದರೆ ನಿಮ್ಮದೂ ಇರಬಹುದು. ಅದಕ್ಕೆ ಇವತ್ತೇ ಮಾಡಬಹುದಾದ ಕೆಲಸ: ಎಂಆಧಾರ್ ಆ್ಯಪ್‌ನಲ್ಲಿ ಮನೆಯವರೆಲ್ಲರ ಬಯೋಮೆಟ್ರಿಕ್ ಲಾಕ್ ಮಾಡಿ. ಬೇಕಾದಾಗ ತೆರೆಯಬಹುದು. ಚಾವಿ ಕಳೆದರೆ ಹೊಸದು ಮಾಡಿಸಬಹುದು, ಬೆರಳಚ್ಚು ಒಮ್ಮೆ ಬೇರೆಯವರ ಕೈ ಸೇರಿದರೆ ಬದಲಿಸಲಾಗದು. ಕಾನೂನೂ 2011ರ ಮಾಹಿತಿ ತಂತ್ರಜ್ಞಾನ ನಿಯಮಗಳಲ್ಲಿ ಇದನ್ನು ಸೂಕ್ಷ್ಮ ಮಾಹಿತಿ ಎಂದೇ ಕರೆದಿದೆ.

ತರಕಾರಿ ತರುವ ಹುಡುಗನ ಮಾತು ನಿಮ್ಮ ಪತ್ರದಲ್ಲಿ ಒಂದೇ ಸಾಲಿನಲ್ಲಿ ಬಂದಿದೆ, ನನಗೆ ಅದು ಮುಖ್ಯವೆನಿಸಿತು. ಅವನ ಬೆರಳನ್ನೂ ಹಾಕಿಸಬೇಕಾಗುತ್ತದೆ. ಅದು ಅವನ ಮೈಯ ಗುರುತು, ಅವನನ್ನು ಕೇಳಿ, ಒಪ್ಪಿದರೆ ಮಾತ್ರ. ಕೆಲಸ ಬಿಟ್ಟ ದಿನ ಅಳಿಸಬೇಕು. ಹಲವು ಅಗ್ಗದ ಕಿಟ್‌ಗಳಲ್ಲಿ ಒಬ್ಬನ ಬೆರಳನ್ನು ಮಾತ್ರ ಅಳಿಸಲು ಬರುವುದಿಲ್ಲ, ಎಲ್ಲರದನ್ನೂ ಅಳಿಸಿ ಮೊದಲಿನಿಂದ ಹಾಕಬೇಕು. ಆಗ ಯಜಮಾನರು ಮತ್ತೆ ಹೆಬ್ಬೆಟ್ಟು ಒತ್ತುತ್ತಾ ಕೂರಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಏನು ಮಾಡುವುದು? ನಿಮ್ಮ ಪತ್ರದಲ್ಲಿರುವ ತೊಂದರೆ ಕಳ್ಳರದ್ದಲ್ಲ, ಹುಡುಕಾಟದ್ದು. ಅದಕ್ಕೆ ಕಾರಿನ ವಯರಿಂಗ್ ಕತ್ತರಿಸುವುದು ಬೇಡ. ಗಲ್ಲಾದ ಪಕ್ಕ ಒಂದು ಮೊಳೆ, ಚಾವಿಗೆ ಫೋನಿನಿಂದ ಸದ್ದು ಮಾಡಿಸಬಹುದಾದ ಒಂದು ಬ್ಲೂಟೂತ್ ಟ್ಯಾಗ್. ನಿಮ್ಮ ಎರಡನೇ ಚಾವಿ ಮನೆಯಲ್ಲಿದೆಯೋ ಇಲ್ಲವೋ ಮೊದಲು ನೋಡಿ. ಇಲ್ಲದಿದ್ದರೆ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಹೊಸ ಚಾವಿ ಮಾಡಿಸಿ, ಕಳೆದುಹೋದದ್ದರ ಗುರುತನ್ನು ಕಾರಿನ ಕಂಪ್ಯೂಟರಿನಿಂದ ಅಳಿಸಲು ಹೇಳಿ. ಆರ್‌ಸಿ ಮತ್ತು ಗುರುತಿನ ಚೀಟಿ ಕೇಳುತ್ತಾರೆ. ರಸ್ತೆಯಲ್ಲಿ ನಿಲ್ಲಿಸುವ ಕಾರಾದರೆ ಗೇರ್ ಲಾಕ್ ಹಾಕಿಸಿ. ಉಕ್ಕಿನ ಸಾದಾ ವಸ್ತು. ಅದನ್ನು ಕೊಯ್ಯಲು ಹೊತ್ತು ಬೇಕು, ಸದ್ದಾಗುತ್ತದೆ. ಕಳ್ಳನಿಗೆ ಬೇಡದ್ದು ಇವೆರಡೇ.

ಮಗ ಬೆರಳಚ್ಚು ಬೇಕೇಬೇಕೆಂದರೆ ನಾನು ಒಪ್ಪುವ ದಾರಿ ಒಂದಿದೆ. ಚಾವಿ ಹಾಗೇ ಇರಲಿ, ಸ್ಪೇರ್ ಚಾವಿ ಮನೆಯಲ್ಲಿರಲಿ, ಸ್ಟೀರಿಂಗ್ ಲಾಕ್ ಮುಟ್ಟದಿರಲಿ. ಬೆರಳು ಎರಡನೇ ಬೀಗವಾಗಲಿ: ಚಾವಿ ತಿರುಗಿಸಿದರೂ ಬೆರಳಿಡದೆ ಸ್ಟಾರ್ಟರ್ ಮೋಟಾರ್ ತಿರುಗಬಾರದು. ಅದಕ್ಕಾಗಿ ಸ್ಟಾರ್ಟರ್‌ಗೆ ಹೋಗುವ ಒಂದೇ ತಂತಿಯನ್ನು ಕಿಟ್ ಮೂಲಕ ಹಾಯಿಸಬೇಕು. ಇಗ್ನಿಷನ್ ತಂತಿ, ಪೆಟ್ರೋಲ್ ಪಂಪಿನ ತಂತಿ ಮುಟ್ಟಲೇಬಾರದು. ಹೀಗೆ ಮಾಡಿದರೆ ಡಬ್ಬಿ ಕೆಟ್ಟಾಗ ಕಾರು ಸ್ಟಾರ್ಟ್ ಆಗದೆ ನಿಂತೀತೇ ಹೊರತು, ಓಡುವ ಕಾರು ಸುರಂಗದ ನಡುವೆ ನಿಲ್ಲುವುದಿಲ್ಲ. ಜೋಡಣೆಗೆ ಸೋಲ್ಡರ್, ದಾರಿಯಲ್ಲಿ ಒಂದು ಫ್ಯೂಸ್, ತುರ್ತಿಗೆ ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಸ್ವಿಚ್. ಇದು ಕೂಡ ಪೂರ್ತಿ ನಿರಪಾಯವಲ್ಲ. ಬಿಸಿಲಲ್ಲಿ ನಿಂತ ಕಾರಿನ ಒಳಗೆ 60 ಡಿಗ್ರಿ ದಾಟುವುದು ಮಾಮೂಲು. ವಾಹನಕ್ಕೆಂದೇ ಮಾಡಿದ ಚಿಪ್‌ಗಳನ್ನು ಕನಿಷ್ಠ 85 ಡಿಗ್ರಿವರೆಗೆ ಪರೀಕ್ಷಿಸಿರುತ್ತಾರೆ, ಅಗ್ಗದ ಡಬ್ಬಿಯಲ್ಲಿ ಏನು ಹಾಕಿದ್ದಾರೋ ಹೊರಗಿನಿಂದ ತಿಳಿಯದು. ಇನ್ನೊಂದು, ಸೆನ್ಸರ್ ಹಗಲು ರಾತ್ರಿ ಎಚ್ಚರವಾಗಿರುತ್ತದೆ. ಅದು 50 ಮಿಲಿಆಂಪ್ ಎಳೆದರೂ ದಿನಕ್ಕೆ 1.2 ಆಂಪ್-ಅವರ್ ಆಯಿತು. ನಿಮ್ಮಂಥ ಕಾರಿನ 35 ಆಂಪ್-ಅವರ್ ಬ್ಯಾಟರಿ ಎರಡು ವಾರ ಸುಮ್ಮನೆ ನಿಂತರೆ ಅರ್ಧ ಖಾಲಿ. ಹೋಟೆಲ್ ಮುಚ್ಚಿ ರೈಲಿನಲ್ಲಿ ಊರಿಗೆ ಹೋಗಿ ಬಂದರೆ ಕಾರು ಏಳುವುದಿಲ್ಲ. ಎಷ್ಟು ಎಳೆಯುತ್ತದೆ ಎಂದು ಮೀಟರ್ ಇಟ್ಟು ತೋರಿಸುವ ಮೆಕ್ಯಾನಿಕ್‌ಗೆ ಮಾತ್ರ ಕೆಲಸ ಕೊಡಿ.

ಮುಂದೆ ಹೊಸ ಕಾರು ಕೊಳ್ಳುವ ಯೋಚನೆ ಇದ್ದರೆ ಮಗನ ಆಸೆಗೆ ಅದೇ ಸರಿಯಾದ ಜಾಗ. ಈಗ ಫೋನನ್ನೇ ಚಾವಿ ಮಾಡುವ ಡಿಜಿಟಲ್ ಕೀ ಬಂದಿದೆ. ನಮ್ಮಲ್ಲಿ 2024ರ ಹ್ಯುಂಡೈ ಅಲ್ಕಾಜಾರ್‌ನಂಥ ಕಾರುಗಳಲ್ಲೂ ಸಿಗುತ್ತದೆ. ಇದರಲ್ಲಿ ನನಗೆ ಇಷ್ಟವಾದದ್ದು, ಬೆರಳು ನಿಮ್ಮ ಫೋನಿಗೆ ಮಾತ್ರ ಪರಿಚಯ, ಕಾರಿಗೆ ಹೋಗುವುದು ಗುಪ್ತ ಸಂಕೇತ. ಹುಡುಗ ಕೆಲಸ ಬಿಟ್ಟರೆ ಅವನ ಫೋನಿಗೆ ಕೊಟ್ಟ ಕೀ ರದ್ದು ಮಾಡಿದರಾಯಿತು. ಯಜಮಾನರಿಗೆ ಪರ್ಸಿನಲ್ಲಿಡುವ ಕಾರ್ಡೋ ಮಾಮೂಲು ಚಾವಿಯೋ ಇದ್ದೇ ಇರುತ್ತದೆ. ಫೋನ್ ಕಳೆದರೆ ತೊಂದರೆ ಇದೆ, ಆದ್ದರಿಂದ ಆ ಕಾರ್ಡನ್ನು ಫೋನ್ ಕವರಿನಲ್ಲಿ ಮಾತ್ರ ಇಡಬೇಡಿ. 2021ರಲ್ಲಿ ಬಂದ ಡಿಜಿಟಲ್ ಕೀ 3.0 ಮಾನದಂಡದಲ್ಲಿ ಫೋನ್ ನಿಜವಾಗಿ ಎಷ್ಟು ದೂರದಲ್ಲಿದೆ ಎಂದು ಅಲೆ ಹೋಗಿ ಬರುವ ಸಮಯದಿಂದ ಅಳೆಯುತ್ತಾರೆ, ಅದು ಇದ್ದರೆ ಸಿಗ್ನಲ್ ಎಳೆಯುವ ಕಳ್ಳತನ ಬಹಳ ಕಷ್ಟ. ಮುಖ ನೋಡಿ ಬಾಗಿಲು ತೆರೆಯುವ ಕಾರುಗಳೂ ಬಂದಿವೆ, ಜೆನೆಸಿಸ್ ಜಿವಿ60ಯಲ್ಲಿ ಇನ್‌ಫ್ರಾರೆಡ್ ಕ್ಯಾಮೆರಾ ಇರುವುದರಿಂದ ಕತ್ತಲೆಯಲ್ಲೂ ಗುರುತಿಸುತ್ತದೆ. ಆದರೆ ಅದಕ್ಕೆ ಎರಡೇ ಮುಖ ಹಾಕಬಹುದು, ನೀವು ಮೂವರಿದ್ದೀರಿ. ಯಾವ ಕಾರಾದರೂ ಮಾರುವ ದಿನ ಒಳಗಿನ ಬೆರಳು, ಮುಖ, ಫೋನಿನ ಗುರುತುಗಳನ್ನೆಲ್ಲ ಅಳಿಸಿಯೇ ಕೈಬಿಡಿ.

ಕೊನೆಗೆ ಚೌತಿ ಪ್ರಯಾಣ. ಘಟ್ಟದಲ್ಲಿ ಬ್ಯಾಟರಿ ಸೋತರೆ ಚಾವಿಯಿಂದ ಸ್ಟಾರ್ಟ್ ಆಗುವ, ಕೈಯಿಂದ ಗೇರ್ ಹಾಕುವ ಕಾರನ್ನು ಇಳಿಜಾರಿನಲ್ಲಿ ತಳ್ಳಿ ಸ್ಟಾರ್ಟ್ ಮಾಡಬಹುದು. ಚಾವಿ ಬದಲು ಕಿಟ್ ಇದ್ದರೆ, ವೋಲ್ಟೇಜ್ ಕುಸಿದ ಕೂಡಲೇ ಅದು ರೀಸೆಟ್ ಆಗಿ ತಾನೇ ಕಣ್ಣು ಮುಚ್ಚುತ್ತದೆ. ಯಲ್ಲಾಪುರ ದಾಟಿದ ಮೇಲೆ ಅಂಕೋಲಾವರೆಗೆ ರಾತ್ರಿ ಮೆಕ್ಯಾನಿಕ್ ಸಿಗುವುದು ಕಷ್ಟ ಅಂತ ನಿಮಗೇ ಗೊತ್ತು. ಹೊರಡುವ ವಾರದ ಮುಂಚೆ ಬ್ಯಾಟರಿ ಪರೀಕ್ಷೆ ಮಾಡಿಸಿ. ಮೂರು ವರ್ಷ ದಾಟಿದ್ದರೆ ಬದಲಿಸುವುದೇ ಒಳ್ಳೆಯದು. ಒಂದು ಚಾವಿ ಯಜಮಾನರ ಜೇಬಿನಲ್ಲಿ, ಇನ್ನೊಂದು ನಿಮ್ಮ ಪರ್ಸಿನಲ್ಲಿ ಇರಲಿ, ಎರಡನ್ನೂ ಒಂದೇ ಬ್ಯಾಗಿಗೆ ಹಾಕಬೇಡಿ. ಘಟ್ಟವನ್ನು ಹಗಲಲ್ಲೇ ಇಳಿಯುವ ಹಾಗೆ ಠಾಣೆಯಿಂದ ಹೊರಡುವ ಹೊತ್ತನ್ನು ಹೊಂದಿಸಿಕೊಳ್ಳಿ.

ಮಗ ಕೊಟ್ಟ ಸಾವಿರ ರೂಪಾಯಿ ವಾಪಸ್ ಕೊಡಲು ಅಂಗಡಿಯವರು ಒಪ್ಪದಿದ್ದರೆ ಜಗಳ ಬೇಡ. ಅಂಥ ಅಂಗಡಿಗಳಲ್ಲಿ ಗೇರ್ ಲಾಕ್ ಕೂಡ ಇರುತ್ತದೆ, ಅದನ್ನು ಆ ಮುಂಗಡಕ್ಕೆ ಹೊಂದಿಸಿಕೊಳ್ಳಲು ಹೇಳಿ.